ಕಣಜದ ಪಟ್ಟೆ

ಬೇಲಿಯ ಮುದಿ ಓತಿಕ್ಯಾತನ ಪಕ್ಕ ಹೂನೊಣವೊಂದು ನಡುಗುತ್ತ ಬಂದು ಕುಳಿತಿತು. ಕೊಂಡಿಯಿಲ್ಲದ ಆ ಜೀವಕ್ಕೆ ಕಣಜದಂಥ ಹಳದಿ ಪಟ್ಟೆಯೊಂದೇ ರಕ್ಷಣೆ.

"ನಿನ್ನ ಮೊಮ್ಮಗ ನನ್ನನ್ನು ತಿನ್ನಲು ಬರುತ್ತಿದ್ದಾನೆ ತಾತ. ಪಟ್ಟೆಗೆ ಹೆದರುವುದೇ ಇಲ್ಲ."

"ಹೇಗೆ ಹೆದರಿಯಾನು? ಕಣಜಗಳು ಬೇಲಿ ಬಿಟ್ಟುಹೋದ ಮೇಲೆ ಹುಟ್ಟಿದವನು."

"ನೀನಾದರೂ ಹೇಳಬಾರದೇ?"

"ಹೇಳಿದೆ. ಅಡಗೂಲಜ್ಜಿ ಕತೆ ಅಂದ."

ಅಷ್ಟರಲ್ಲಿ ಮೊಮ್ಮಗ ಬಾಯಿ ತೆರೆದು ಹತ್ತಿರವಾದ. ಮುದುಕ ನೊಣದತ್ತ ನಾಲಿಗೆ ಚಾಚಿ, ಮರುಕ್ಷಣವೇ ಒದ್ದಾಡುತ್ತ ಬಾಯಿಯನ್ನು ಕೊಂಬೆಗೆ ಉಜ್ಜತೊಡಗಿದ, ಎಳೆವಯಸ್ಸಿನಲ್ಲಿ ಕಣಜ ಕುಟುಕಿದಾಗ ಉಜ್ಜಿದ್ದ ಹಾಗೆಯೇ. ಮೊಮ್ಮಗ ಹೆದರಿ ಓಡಿದ.

"ಒಳ್ಳೇ ನಟ ನೀನು" ಎಂದಿತು ನೊಣ.

ಕಣಜಗಳು ಗುಂಯ್‌ಗುಡುತ್ತಿದ್ದ ಹಳೆಯ ಬೇಲಿ ಮುದುಕನ ಕಣ್ಮುಂದೆ ಬಂದಿತ್ತು. ನಾಲಿಗೆ ನಿಜಕ್ಕೂ ಉರಿಯುತ್ತಿತ್ತು; ಆ ಉರಿ ಆರದಿರಲಿ ಎಂದುಕೊಂಡ.