ಮಾರಿಸ್ ಕಾರಿನ ಹೆಣ

ಡಾಕ್ಟರ್ ನಂಜುಂಡಪ್ಪನವರ ಅರವತ್ತು ವರ್ಷದ ಮಾರಿಸ್ ಕಾರಿಗೆ ಲಾರಿ ಗುದ್ದಿತು. ಅಂದು ಡ್ರೈವರಿಗೆ ರಜೆ. ತಾವೇ ಓಡಿಸುತ್ತಿದ್ದ ಡಾಕ್ಟರು ಅಲ್ಲೇ ತೀರಿಹೋದರು. ಜಜ್ಜಿಹೋದ ಕಾರು ಮನೆಯ ಅಂಗಳಕ್ಕೆ ಬಂತು.

ಇನ್ಶೂರೆನ್ಸ್ ಮ್ಯಾನೇಜರ್, "ಈ ಕಾರಿಗಿನ್ನೂ ಜೀವ ಇದೆ, ರಿಪೇರಿ ಆಗಬಹುದು. ನಾವು ತೀರ್ಮಾನಿಸುವ ತನಕ ಗುಜರಿಗೆ ಹಾಕಬೇಡಿ" ಎಂದು ಬರೆದ. ನಾಲ್ಕು ತಿಂಗಳಾದರೂ ತೀರ್ಮಾನವಾಗಲಿಲ್ಲ. ಡಾಕ್ಟರ ಹೆಂಡತಿ ಅಂಗಳದ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟರು.

ಡ್ರೈವರ್ ಕಾರಿನ ಫೋಟೋ ಹಿಡಿದು ಇನ್ಶೂರೆನ್ಸ್ ಆಫೀಸಿಗೆ ಹೋಗಿ ಕೇಳಿದ.

"ಫೋಟೋದಲ್ಲಿ ಏನು ಗೊತ್ತಾಗುತ್ತಯ್ಯಾ? ಕಾರನ್ನೇ ತಗೊಂಡು ಬಾ" ಎಂದ ಮ್ಯಾನೇಜರ್.

ಮರುದಿನ ಬೆಳಿಗ್ಗೆ ಡ್ರೈವರ್ ಕಾರನ್ನು ಟ್ರ್ಯಾಕ್ಟರಿನಲ್ಲಿ ತಂದು ಆಫೀಸಿನ ಬಾಗಿಲೆದುರು ಇಳಿಸಿದ. ಬಿಳಿ ಬಟ್ಟೆ ಹೊದಿಸಿ, ಚೆಂಡುಹೂವಿನ ಹಾರ ಹಾಕಿ, ಮುಂದೆ ದೀಪ ಹಚ್ಚಿ, ತಲೆ ಮೇಲೆ ಕೈ ಹೊತ್ತು ಕೂತ. ಹೆಣ ಎತ್ತುವ ತನಕ ಆ ಬೀದಿಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಪಕ್ಕದ ಟೀ ಅಂಗಡಿಯವನು ಡಾಕ್ಟರ ಕೈಗುಣದಿಂದ ಬದುಕಿದವನು, ಸ್ಟೌ ಆರಿಸಿದ. ಆಫೀಸಿನೊಳಗೆ ಒಬ್ಬರೂ ಕಾಲಿಡಲಿಲ್ಲ.

ಮ್ಯಾನೇಜರ್ ಹೊರಗೆ ಬಂದ. "ಏನಯ್ಯಾ ಇದು ನಾಟಕ? ತೆಗಿ ಇದನ್ನ."

"ತೆಗೀತೀನಿ ಸಾರ್. ಜೀವ ಇದೆ ಅಂತ ತಾವೇ ಬರೆದಿದ್ದೀರಿ. ಇದ್ರೆ ಓಡಿಸಿ ಪಕ್ಕಕ್ಕೆ ನಿಲ್ಲಿಸಿ. ಇಲ್ಲದಿದ್ರೆ ಹೋಗಿದೆ ಅಂತ ಬರೆದುಕೊಡಿ, ಎತ್ತುತೀನಿ."

ಮ್ಯಾನೇಜರ್ ಸಿಟ್ಟಿನಿಂದ ಬಟ್ಟೆ ಎಳೆದ. ಸೀಟಿನ ಮೇಲೆ ಕಪ್ಪುಗಟ್ಟಿದ ಕಲೆ. ಬ್ರೇಕಿನ ಹತ್ತಿರ ಡಾಕ್ಟರ ಒಂದೇ ಚಪ್ಪಲಿ. ಬಹಳ ಹೊತ್ತು ನೋಡಿದ. ಆಮೇಲೆ ಕಾಗದ ತರಿಸಿ, ಕಾರು ಪೂರ್ತಿ ನಾಶವಾಗಿದೆ ಎಂದು ಬರೆದು ಸಹಿ ಹಾಕಿದ.

ಒಳಗೆ ಹೋಗುವ ಮೊದಲು, ಪ್ಯೂನ್ ಕೈಲಿ ನೀರು ತರಿಸಿ, ಬಾಗಿಲಲ್ಲೇ ಕಾಲು ತೊಳೆದುಕೊಂಡ.