ಸುಣ್ಣದ ಕಲ್ಲು

ಶಿಷ್ಯ ಗುರುವಿನ ಮುಂದೆ ಕುಳಿತು ಸ್ಲೇಟಿನ ಮೇಲೆ ಬರೆದು ತೋರಿಸಿದ: “ಗುರುಗಳೇ, ಕಾಪಾಡಬೇಕಾದುದನ್ನು ಕಾಪಾಡುವುದು ಹೇಗೆ?”

ಬಾಯಿ ಬಿಟ್ಟು ಕೇಳುವಂತಿರಲಿಲ್ಲ. ಅವನು ನಲವತ್ತೆಂಟು ದಿನದ ಮೌನವ್ರತ ಹಿಡಿದಿದ್ದ. ಅದರಲ್ಲಿ ಇಪ್ಪತ್ತು ದಿನ ಕಳೆದಿತ್ತು. ಕೊರಳಲ್ಲಿ ಒಂದು ಹಲಗೆ ತೂಗುತ್ತಿತ್ತು. ‘ಮೌನವ್ರತ. ಮಾತನಾಡಿಸಬೇಡಿ’ ಎಂದು ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದ. ಹಲಗೆ ಕಟ್ಟಿಕೊಂಡ ದಿನದಿಂದ ಆಶ್ರಮಕ್ಕೆ ಬಂದವರೆಲ್ಲ ನೇರವಾಗಿ ಅವನ ಬಳಿಗೇ ಬರತೊಡಗಿದ್ದರು. ಕೆಲವರು ಕಾಲಿಗೆ ಬಿದ್ದರು, ಕೆಲವರು ಬಾಳೆಹಣ್ಣು ಇಟ್ಟರು. ನಿಜವಾಗಿಯೂ ಮಾತಾಡುವುದಿಲ್ಲವೇ ಎಂದು ಒಬ್ಬ ಚಿವುಟಿಯೂ ನೋಡಿದ.

ಶಿಷ್ಯ ಸ್ಲೇಟು ಒರಸಿ ಮತ್ತೆ ಬರೆದ: “ಮೊದಲ ಮೂರು ದಿನ ಒಳಗೆ ಏನೋ ತಣ್ಣಗಿತ್ತು. ಈಗ ಅದು ಹೋಗಿದೆ. ಅದಿಲ್ಲದೆ ವ್ರತ ಮುಗಿಸಿದರೂ ಪ್ರಯೋಜನವಿಲ್ಲ. ಹಲಗೆಯನ್ನು ಇನ್ನೂ ದೊಡ್ಡದು ಮಾಡಿಸಲೇ?”

ಗುರು ಓದಿದರು. ನಗು ಬಂದರೂ ನಗಲಿಲ್ಲ. ಈ ಕತೆ ಹೇಳಿದರು.

ಕಡಲ ತೀರದಲ್ಲಿ ಒಬ್ಬ ಒಡತಿಗೆ ದೊಡ್ಡ ಎಸ್ಟೇಟು ಇತ್ತು. ತೆಂಗು, ಗೇರು, ಹೊಳೆ ಕಡಲು ಸೇರುವಲ್ಲಿ ಉಪ್ಪುನೀರಿನಲ್ಲಿ ಬೇರಿಳಿಸಿದ ಕಾಂಡ್ಲಾ ಕಾಡು, ಅದರಾಚೆಗೆ ಬರಿಯ ಮರಳುದಿಣ್ಣೆ. ಅವಳ ಗಂಡ ಸಾಯುವ ಮುನ್ನ ಆ ಕಾಡನ್ನೂ ದಿಣ್ಣೆಯನ್ನೂ ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದ. ಅಲ್ಲಿ ಬಲೆ ಬೀಸುವಂತಿಲ್ಲ, ಕೋವಿ ತರುವಂತಿಲ್ಲ. ಕಾಯಲು ಒಬ್ಬ ಕಾವಲುಗಾರನಿದ್ದ.

ವಸಂತದ ಎರಡು ತಿಂಗಳು ಊರೂರುಗಳಿಂದ ಜನ ಹಕ್ಕಿ ನೋಡಲು ಬರುತ್ತಿದ್ದರು. ಬೆಳಗಾಗುತ್ತಲೇ ಕಾವಲುಗಾರ ಮುಂದೆ, ಕೊರಳಿಗೆ ದುರ್ಬೀನು ಹಾಕಿಕೊಂಡವರು ಹಿಂದೆ. ಯಾವ ಹಕ್ಕಿ ಯಾವ ಗಳಿಗೆಯಲ್ಲಿ ಯಾವ ಕೊಂಬೆಯ ಮೇಲಿರುತ್ತದೆಂದು ಅವನಿಗೆ ಬಾಯಿಪಾಠ. ಅವನ ಬೆರಳು ಎದ್ದಿತೆಂದರೆ ಅದರ ತುದಿಯಲ್ಲಿ ಹಕ್ಕಿ ಇದ್ದೇ ಇರುತ್ತಿತ್ತು. ತೋರಿಸುವುದರಲ್ಲಿ ಅವನಿಗೆ ಎಷ್ಟು ಸುಖವೆಂದರೆ, ಯಾರೂ ಬಾರದ ದಿನ ಹೆಂಡತಿಯನ್ನೇ ಕರೆದು ಅಂಗಳದ ಗುಬ್ಬಿ ತೋರಿಸುತ್ತಿದ್ದ.

ಮರಳುದಿಣ್ಣೆಯಲ್ಲಿ ಟಿಟ್ಟಿಭಗಳು ಮೊಟ್ಟೆಯಿಡುತ್ತಿದ್ದವು. ಆಕಾಶ ಬಿದ್ದರೆ ಆತುಕೊಳ್ಳಲೆಂದು ಕಾಲು ಮೇಲೆ ಮಾಡಿ ಮಲಗುತ್ತದೆ ಎಂದು ಜನ ಗೇಲಿ ಮಾಡುವ ಹಕ್ಕಿ ಅದು. ಆಕಾಶ ಹೊರಲು ಸಿದ್ಧವಿರುವ ಆ ಹಕ್ಕಿಗೆ ಒಂದು ಗೂಡು ಹೆಣೆಯಲು ಬರುವುದಿಲ್ಲ. ಬರಿನೆಲದಲ್ಲಿ ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಕಣ್ಣೆದುರಿಗೇ ಇದ್ದರೂ ಮೊಟ್ಟೆ ಕಾಣುವುದಿಲ್ಲ.

ಒಂದು ವಸಂತದಲ್ಲಿ, ನೋಡಲು ಬಂದವರೊಬ್ಬರ ಬೂಟಿನಡಿಗೆ ಸಿಕ್ಕಿ ಮೊಟ್ಟೆ ಒಡೆಯಿತು. ಅವರು ಪಾಪ, ಬೇಕೆಂದು ತುಳಿದವರಲ್ಲ. ತಾಯಿಹಕ್ಕಿ ತಲೆಯ ಮೇಲೆ ಸುತ್ತಿ ಸುತ್ತಿ ಕೂಗಿದ್ದನ್ನು ಕೇಳಿ ಕಾವಲುಗಾರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಎದ್ದು ಸುಣ್ಣ ಕದಡಿದ. ಕಲ್ಲುಗಳಿಗೆ ಬಿಳಿ ಬಳಿದು, ಒಂದೊಂದು ಗೂಡಿನ ಸುತ್ತ ಮೂರು ಮೂರು ಕಲ್ಲು ಇಟ್ಟ. ಬಂದವರೆಲ್ಲ ಕಲ್ಲು ಕಂಡು ದೂರ ನಿಂತರು. ಎಂಥ ಕಾಳಜಿ ಎಂದು ಹೊಗಳಿದರು. ಅವನ ಹೊಟ್ಟೆ ತುಂಬಿತು.

ಆ ವರ್ಷ ಯಾರ ಕಾಲಿಗೂ ಒಂದು ಮೊಟ್ಟೆಯೂ ಸಿಗಲಿಲ್ಲ. ಆದರೆ ಒಂದು ಮರಿಯೂ ಆಗಲಿಲ್ಲ.

ಕಾವಲು ಸಾಲದೆಂದು ಅವನು ಮರುವರ್ಷ ಐದೈದು ಕಲ್ಲಿಟ್ಟ. ಅದರ ಮರುವರ್ಷ ಕಲ್ಲಿನ ಜೊತೆ ಕೆಂಪು ಬಟ್ಟೆಯ ಬಾವುಟ ನೆಟ್ಟ, ‘ಇಲ್ಲಿ ಮೊಟ್ಟೆ ಇದೆ, ಎಚ್ಚರಿಕೆ’ ಎಂದು ಫಲಕ ಹಾಕಿದ. ಮುಂಗುಸಿಯನ್ನು ಬೈದ, ಹಾವನ್ನು ಬೈದ, ಕಾಲ ಕೆಟ್ಟಿತೆಂದ. ಮೊಟ್ಟೆ ಹೋದಷ್ಟೂ ಸುಣ್ಣ ಹೆಚ್ಚಾಯಿತು.

ನಾಲ್ಕನೆಯ ಯುಗಾದಿಗೆ ಒಡತಿ ದಿಣ್ಣೆಗೆ ಬಂದಳು.

“ವರ್ಷ ಮೂರಾಯ್ತು. ಮೊಟ್ಟೆ ಉಂಟು ಅಂತೀಯ, ಮರಿ ಎಲ್ಲುಂಟು? ಎಂತ ಕಾವಲು ಮಾರಾಯ ನಿನ್ನದು? ಹಕ್ಕಿಗೆ ಆಗದ ದಿಣ್ಣೆಯನ್ನು ನಾನು ಯಾಕೆ ಖಾಲಿ ಬಿಡಬೇಕು? ವೈಶಾಖ ಹುಣ್ಣಿಮೆಯೊಳಗೆ ಒಂದು ಮರಿಯನ್ನು ನಾನು ಕಣ್ಣಾರೆ ಕಾಣಬೇಕು. ಇಲ್ಲದಿದ್ದರೆ ಗಾಳಿಮರ ನೆಡಿಸ್ತೇನೆ.”

“ಕಾಣ್ತೀರಿ ಅಮ್ಮ,” ಎಂದ ಕಾವಲುಗಾರ. ಅವನ ಮಾತಿನಲ್ಲಿ ಅಳುಕಿರಲಿಲ್ಲ.

ಅಳುಕಬೇಕಿತ್ತು. ಗಾಳಿಮರ ಎದ್ದಿತೆಂದರೆ ದಿಣ್ಣೆಯ ತುಂಬ ನೆರಳು, ನೆಲದ ತುಂಬ ಉದುರಿದ ತರಗು. ಬಯಲಿನ ಹಕ್ಕಿ ಮತ್ತೆ ಅತ್ತ ಸುಳಿಯುವುದಿಲ್ಲ. ವಾರದೊಳಗೆ ಸಸಿಗಳು ಬಂದು ತೆಂಗಿನ ನೆರಳಿನಲ್ಲಿ ಸಾಲಾಗಿ ಕೂತವು. ದಿಣ್ಣೆಯಲ್ಲಿ ಆಗ ಏಳು ಗೂಡುಗಳಿದ್ದವು. ಕಾವಲುಗಾರ ಏಳಕ್ಕೂ ಹೊಸ ಸುಣ್ಣ ಬಳಿದ. ಚೈತ್ರದ ಹುಣ್ಣಿಮೆಯ ಹೊತ್ತಿಗೆ ಏಳೂ ಖಾಲಿಯಾದವು.

ಒಂದು ಜೋಡಿ ಮಾತ್ರ ಹಟ ಬಿಡದೆ ಮತ್ತೆ ಮೊಟ್ಟೆಯಿಟ್ಟಿತು. ಕಾವಲುಗಾರ ಬುಟ್ಟಿಯ ತುಂಬ ಬಿಳಿ ಕಲ್ಲು ಹೊತ್ತು ಅತ್ತ ಹೊರಟ. ಹೊಳೆಯಲ್ಲಿ ಸೊಂಟಮಟ್ಟ ನಿಂತು ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬಳು ಅವನನ್ನು ಕೂಗಿದಳು.

“ಅಣ್ಣಾ, ನಿಮ್ಮ ಕಾಗೆಗಳಿಗೆ ಓದಲಿಕ್ಕೆ ಕಲಿಸಿದ್ದು ನೀವೇ ಅಲ್ವಾ?”

“ಎಂತ ಮಾತು ಅದು?”

“ಮತ್ತೆಂತ? ಬಿಳಿ ಕಲ್ಲು ಕಂಡಲ್ಲಿಗೇ ಬಂದು ಇಳೀತಾವೆ. ಕಲ್ಲಿಲ್ಲದ ಕಡೆ ಒಂದೂ ಇಳಿಯುವುದಿಲ್ಲ. ದಿನಾ ನೋಡ್ತೇನೆ ನಾನು. ಬೇಕಾದ್ರೆ ನೀವೂ ಕೂತು ನೋಡಿ.”

ಕಾವಲುಗಾರನಿಗೆ ಸಿಟ್ಟು ಬಂತು. ಹಕ್ಕಿಯ ವಿಷಯದಲ್ಲಿ ತನಗೆ ಹೇಳಿಕೊಡುವವಳು ಇವಳು ಯಾರು? ಅವಳ ಮಾತು ಸುಳ್ಳೆಂದು ತೋರಿಸಿಯೇ ಬಿಡೋಣವೆಂದು ಮೊಟ್ಟೆಯೇ ಇಲ್ಲದ ಬರಿಮರಳಿನ ಮೇಲೆ ಐದು ಕಲ್ಲು ಸುತ್ತಲಿಟ್ಟು, ಕೇದಗೆಯ ಮರೆಯಲ್ಲಿ ಕೂತ. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಒಂದು ಕಾಗೆ ಬಂತು. ಬೀಗರ ಮನೆಗೆ ಊಟಕ್ಕೆ ಬಂದವರ ಹಾಗೆ ನಿಧಾನವಾಗಿ ಕಲ್ಲಿನ ಸುತ್ತ ನಡೆಯಿತು. ಒಳಗೆ ಇಣುಕಿತು. ಎಲೆ ಹಾಕಿಲ್ಲವೆಂದು ಮುನಿಸಿಕೊಂಡಂತೆ ಒಮ್ಮೆ ಕೂಗಿ, ಮುಂದಿನ ಬಿಳಿ ಕಲ್ಲಿಗೆ ಹಾರಿತು. ಅಲ್ಲಿಂದ ಅದರ ಮುಂದಿನದಕ್ಕೆ. ಏಳು ಹಳೆಯ ಗೂಡುಗಳನ್ನೂ ಅದು ಒಂದನ್ನೂ ಬಿಡದೆ ನೋಡಿತು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕಾವಲುಗಾರ ಕೇದಗೆಯ ಮರೆಯಲ್ಲೇ ಕೂತು ಅತ್ತ. ಬೂಟು ತುಳಿದದ್ದು ಒಂದು ಗೂಡು. ತಾನು ಕಾಗೆಗೆ ಬಡಿಸಿದ್ದು ಎಷ್ಟೋ ಗೂಡು.

ಅತ್ತು ಕಣ್ಣೊರೆಸಿಕೊಳ್ಳುವಾಗ ಒಂದು ನಾಯಿ ದಿಣ್ಣೆ ಹತ್ತಿತು. ಮೊಟ್ಟೆಯ ಮೇಲಿದ್ದ ಟಿಟ್ಟಿಭ ಕೂಗಲಿಲ್ಲ. ತಲೆ ತಗ್ಗಿಸಿ ಸದ್ದಿಲ್ಲದೆ ಎದ್ದು ನೂರು ಹೆಜ್ಜೆ ಓಡಿತು. ಅಲ್ಲಿ, ಏನೂ ಇಲ್ಲದ ಕಡೆ, ರೆಕ್ಕೆ ಬಡಿದು ಊರೇ ಕೇಳುವಂತೆ ಅರಚಿತು. ನಾಯಿ ಅತ್ತ ಓಡಿತು. ಮೊಟ್ಟೆಗಳು ಇತ್ತ ಬಿಸಿಲಲ್ಲಿ ನೆಮ್ಮದಿಯಾಗಿದ್ದವು. ಇಷ್ಟು ವರ್ಷ ಈ ಆಟವನ್ನು ಬಂದವರಿಗೆಲ್ಲ ತೋರಿಸಿ ಶಭಾಸ್ ಎನಿಸಿಕೊಂಡವನು ಅವನು. ಅದನ್ನು ತಾನು ನೋಡಿದ್ದು ಅಂದೇ ಮೊದಲು.

ಅವನು ಎದ್ದ. ದಿಣ್ಣೆಯ ಕಲ್ಲು, ಬಾವುಟ, ಫಲಕ ಎಲ್ಲವನ್ನೂ ಹೊತ್ತು ತೆಂಕಣ ತುದಿಗೆ ಒಯ್ದು, ಬರಿಮರಳಿನ ಸುತ್ತ ಭರ್ಜರಿಯಾಗಿ ಜೋಡಿಸಿದ. ದಿನ ಬಿಟ್ಟು ದಿನ ಅವಕ್ಕೆ ಸುಣ್ಣ ಬಳಿದ. ಕಾಗೆಗಳು ಅಲ್ಲಿಗೆ ಹೋದವು. ನಾಯಿಯೂ ಹೋಯಿತು. ಹಕ್ಕಿ ನೋಡಲು ಬಂದವರು ಅಲ್ಲಿ ದೂರ ನಿಂತು ಪಿಸುಮಾತಿನಲ್ಲಿ ಮೆಚ್ಚಿಕೊಂಡರು. ನಿಜವಾದ ಗೂಡಿನ ಬಳಿ ಅವನು ಒಂದು ಕಡ್ಡಿಯನ್ನೂ ಇಡಲಿಲ್ಲ. ಬಾಗಿದ ಕೇದಗೆಯಿಂದ ಹದಿನೈದು ಹೆಜ್ಜೆ ಎಂಬ ಗುರುತು ಅವನ ತಲೆಯಲ್ಲಿ ಮಾತ್ರ ಇತ್ತು. ಜನ ಆ ದಾರಿಯಲ್ಲಿ ಹಾಯುವಾಗ ತಾನು ಗೂಡಿಗೂ ಅವರಿಗೂ ನಡುವೆ ನಡೆದ. ಅತ್ತ ಕತ್ತು ಹೊರಳಿಸಲಿಲ್ಲ. ಅವನ ಆಯುಸ್ಸಿನಲ್ಲೇ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ.

ಹುಣ್ಣಿಮೆಗೆ ಐದು ದಿನವಿರುವಾಗ ಒಡತಿಯೇ ಹಕ್ಕಿ ನೋಡುವವರ ಗುಂಪಿನಲ್ಲಿ ಬಂದಳು. ಜೊತೆಗೆ ಹಕ್ಕಿಗಳ ವಿಷಯ ಬಲ್ಲ ಪಂಡಿತರೊಬ್ಬರನ್ನು ಕರೆತಂದಿದ್ದಳು. ಬಾಗಿದ ಕೇದಗೆಯ ಹತ್ತಿರ ಬಂದಾಗ ಅವಳು ನಿಂತಳು.

“ಮರಿ ಬಿಡು, ಒಂದು ಗೂಡಾದ್ರೂ ತೋರಿಸು. ಈ ಪಂಡಿತರು ನೋಡಿ ಹೌದು ಅಂದ್ರೆ ಸಾಕು, ಸಸಿಗಳನ್ನು ಇವತ್ತೇ ವಾಪಸು ಕಳಿಸ್ತೇನೆ.”

ಹದಿನೈದು ಹೆಜ್ಜೆ. ಬೆರಳು ಎತ್ತಿದರೆ ಸಾಕು, ದಿಣ್ಣೆ ಉಳಿಯುತ್ತದೆ, ಮೂರು ವರ್ಷದ ಅವಮಾನವೂ ತೊಳೆದುಹೋಗುತ್ತದೆ. ಅವನ ಕೈ ತಾನಾಗಿಯೇ ಏಳತೊಡಗಿತು. ಆಗ ತೆಂಗಿನ ಗರಿಯ ಮೇಲೆ ಕೂತಿದ್ದ ಕಾಗೆ ಕಣ್ಣಿಗೆ ಬಿತ್ತು. ಅದು ಕತ್ತು ಓರೆ ಮಾಡಿ, ಜನ ಎಲ್ಲಿ ನಿಲ್ಲುತ್ತಾರೆ, ಎತ್ತ ನೋಡುತ್ತಾರೆ ಎಂದು ಗಮನಿಸುತ್ತಿತ್ತು. ಬೆರಳೂ ಒಂದು ಸುಣ್ಣದ ಕಲ್ಲೇ ಎಂದು ಅವನಿಗೆ ತಿಳಿಯಿತು.

ಎದ್ದ ಕೈಯನ್ನು ಅವನು ಕಡಲಿನ ಕಡೆಗೆ ತಿರುಗಿಸಿದ. “ಅಗೋ ಅಲ್ಲಿ! ಕಡಲಹದ್ದು! ಕಾಲಲ್ಲಿ ಮೀನುಂಟು, ಬೇಗ ಬನ್ನಿ!” ಎಂದು ಊರೇ ಕೇಳುವಂತೆ ಕೂಗಿ ಓಡಿದ. ಜನರೆಲ್ಲ ದುರ್ಬೀನು ಎತ್ತಿಕೊಂಡು ಅತ್ತ ಓಡಿದರು. ಪಂಡಿತರು ಎಲ್ಲರಿಗಿಂತ ಮುಂದೆ ಓಡಿದರು. ಕಾಗೆಯೂ ಹಾರಿ ಅತ್ತಲೇ ಹೋಯಿತು.

ಒಡತಿ ಮಾತ್ರ ನಿಧಾನವಾಗಿ ನಡೆದು ಬಂದಳು. “ಗೂಡಿಲ್ಲ ನಿನ್ನ ಹತ್ತಿರ,” ಎಂದಳು. “ಇದ್ದಿದ್ದರೆ ತೋರಿಸದೆ ಇರುವವನಲ್ಲ ನೀನು.”

ಆ ಕೊನೆಯ ಮಾತು ಅವನನ್ನು ಚುಚ್ಚಿತು, ಏಕೆಂದರೆ ಅಲ್ಲಿಯವರೆಗೆ ಅದು ನಿಜವಾಗಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ. “ಹುಣ್ಣಿಮೆ ಬರಲಿ ಅಮ್ಮ,” ಎಂದಷ್ಟೇ ಹೇಳಿದ.

ಹುಣ್ಣಿಮೆಯ ಬೆಳಿಗ್ಗೆ ಆಳುಗಳು ಗುದ್ದಲಿ, ಸಸಿ ಹೊತ್ತು ಬಂದರು. ಒಡತಿ ಹಿಂದೆ ಬಂದಳು. ಕಾವಲುಗಾರ ಎಲ್ಲರನ್ನೂ ದಿಣ್ಣೆಯ ಬುಡದಲ್ಲಿ ತಡೆದ. ಅವಳೊಬ್ಬಳನ್ನೇ ಕರೆದುಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದ. “ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು ಅಲ್ಲಾಡಬೇಡಿ ಅಮ್ಮ,” ಎಂದ. ಬೆರಳು ಎತ್ತಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ.

ಎಲ್ಲೋ ತಾಯಿಹಕ್ಕಿ ಮೆಲ್ಲಗೆ ಕರೆಯಿತು. ಒಡತಿಯ ಮುಂದಿನ ಒಂದು ಬೆಣಚುಕಲ್ಲು ಎದ್ದು ನಿಂತು ನಡೆಯತೊಡಗಿತು. ಅದರ ಹಿಂದೆ ಇನ್ನೊಂದು. ಮತ್ತೆರಡು. ಕಡ್ಡಿಯಂಥ ಕಾಲಿನ ನಾಲ್ಕು ಮರಿಗಳು ಮರಳಿನ ಮೇಲೆ ತಾಯಿಯ ಕಡೆಗೆ ಓಡಿದವು. ಕೊನೆಯದು ದಣಿದು, ಒಡತಿಯ ಸೀರೆಯ ನೆರಳಿನಲ್ಲಿ ಒಂದು ಗಳಿಗೆ ಕೂತು, ಎದ್ದು ಹೋಯಿತು. ಅವಳು ಉಸಿರು ಬಿಟ್ಟದ್ದು ಆಮೇಲೆ. ಅವಳ ಕಣ್ಣು ತುಂಬಿ ಬಂದಿತ್ತು.

“ಸಸಿಗಳನ್ನು ಗೇರುತೋಟದ ಅಂಚಿಗೆ ನೆಡಿ,” ಎಂದು ಆಳುಗಳಿಗೆ ಕೂಗಿ ಹೇಳಿದಳು. ಆಮೇಲೆ ಕಾವಲುಗಾರನ ಕಡೆ ತಿರುಗಿದಳು. “ದಿಣ್ಣೆ ಇನ್ನು ಹಕ್ಕಿಗಳದ್ದೇ ಆಯ್ತಲ್ಲ. ಈಗಾದ್ರೂ ಹೇಳು ಮಾರಾಯ, ಗೂಡು ಎಲ್ಲಿತ್ತು?”

ಕಾವಲುಗಾರ ಖಾಲಿ ಆಕಾಶದ ಕಡೆ ಕೈ ತೋರಿಸಿದ. “ಅಗೋ ಅಮ್ಮ, ಕಡಲಹದ್ದು.”

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೊರಳಿನ ಹಲಗೆಯನ್ನು ಕಳಚಿ ಗುರುವಿನ ಕಾಲಬಳಿ ಇಟ್ಟ. ಸ್ಲೇಟು ತೆಗೆದುಕೊಂಡು ಬರೆದ: “ತಿಳಿಯಿತು. ಉಳಿದ ಇಪ್ಪತ್ತೆಂಟು ದಿನ ಯಾರ ಕಣ್ಣಿಗೂ ಬೀಳದೆ ಗುಡ್ಡದ ಗವಿಯಲ್ಲಿರಲು ಅಪ್ಪಣೆ ಕೊಡಿ.”

“ಮೌನಿ ಗವಿ ಸೇರಿದನೆಂದರೆ ಗವಿಯ ಮುಂದೆಯೇ ಜಾತ್ರೆ ಸೇರುತ್ತದೆ,” ಎಂದರು ಗುರು. “ಸ್ಲೇಟನ್ನೂ ಇಲ್ಲೇ ಇಡು, ನಾಳೆಯಿಂದ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಬಾಯ್ತುಂಬ ಮಾತಾಡಿಸಿ ಊಟಕ್ಕೆ ಕರೆಯುವವನು ನೀನೇ. ಒಳಗೆ ಮತ್ತೆ ತಣ್ಣಗಾದರೆ, ಆ ಗೂಡು ಯಾವ ಕಾಗೆಗೂ ಕಾಣದಿರಲಿ.”

ಶಿಷ್ಯ ಸ್ಲೇಟು ಒರಸಿ ಹಲಗೆಯ ಪಕ್ಕದಲ್ಲಿಟ್ಟ.