ಗಿರಣಿ ಅಗಿದ ತುತ್ತು

ರಣಧವಳ ದೊರೆ ತನ್ನ ನಾಡಿನ ಮಕ್ಕಳ ಬಾಯಿ ಕೊಳೆಸಿದ. ಗೊತ್ತಿದ್ದೂ ಕೊಳೆಸಿದ. ಅರಮನೆಯ ಗಿರಣಿಯಲ್ಲಿ ಹಿಟ್ಟನ್ನು ಏಳು ಸಲ ಜರಡಿ ಹಿಡಿದು, ಸಕ್ಕರೆ ಪಾಕ, ಬಣ್ಣ, ಕರಿದುಳಿದ ಎಣ್ಣೆ ಸುರಿದು, ಉಬ್ಬಿಸಿ, ಪೊಟ್ಟಣ ಕಟ್ಟಿ ಊರೂರಿಗೆ ಕಳಿಸಿದ. ಪೊಟ್ಟಣದ ಮೇಲೆ ಸ್ವಂತ ಮಗಳು ಮುಕುಟಾಂಬೆಯ ನಗುಮುಖ ಅಚ್ಚು ಹಾಕಿಸಿದ. ಗಿರಣಿಯನ್ನು ದೂರಿದವರಿಗೆ ಗಡೀಪಾರು ಎಂದು ಕಟ್ಟಳೆಯನ್ನೂ ಮಾಡಿದ.

ಆ ಮಗಳಿಗೆ ಇಪ್ಪತ್ತು ತುಂಬಿದ ವರ್ಷ ಡಂಗುರ ಸಾರಿದರು.

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದವನು ತುಂಬಿದ ಸಭೇಲಿ ಕೇಳಿದ್ದನ್ನ ದೊರೆ ಕೊಡ್ತಾರೆ. ಒಂದು ತಪ್ಪಿದರೂ ಹೊತ್ತು ಮುಳುಗೋ ಹೊತ್ತಿಗೆ ತಲೆ ಹೋಗುತ್ತೆ!"

ತಲೆಯ ಮಾತು ಸೇರಿಸಿದವನು ದೊರೆ. ಮಗಳು ಗಂಡು ಆರಿಸುತ್ತಿದ್ದಾಳೆ ಎಂದುಕೊಂಡು, ಬಡವರು ಹತ್ತಿರ ಸುಳಿಯದಿರಲಿ ಎಂದು ಸೇರಿಸಿದ್ದ.

ಮಾಳಿಂಗ ಎಂಬ ಹರೆಯದ ಬಡವ ಈ ಡಂಗುರ ಕೇಳಿದ್ದು ದನದ ಸಂತೆಯಲ್ಲಿ, ಹೋರಿಯೊಂದರ ತುಟಿ ಎತ್ತಿ ಹಲ್ಲು ನೋಡುತ್ತಿದ್ದಾಗ. ಹಲ್ಲು ನೋಡಿ ವಯಸ್ಸು ಹೇಳುವುದು ಅವನ ಕಸುಬು. ಎರಡು ಹಲ್ಲು, ನಾಲ್ಕು ಹಲ್ಲು, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದು ಎಂದು ಅವನು ಹೇಳಿದರೆ ಸಂತೆಗೆ ಸಂತೆಯೇ ಒಪ್ಪುತ್ತಿತ್ತು. ಅಂಥವನು ಮನೆಯಲ್ಲೇ ಮೋಸಹೋಗಿದ್ದ. ಐದು ವರ್ಷದ ಮಗಳು ಹೊನ್ನಿಯ ಹಲ್ಲು ಕಪ್ಪಾದಾಗ, "ಕರುವಿನ ಹಲ್ಲು ಬಿದ್ದು ಹೊಸದು ಬರಲ್ವಾ? ಹಾಲುಹಲ್ಲು ತಾನೇ, ಬಿಡು," ಎಂದು ನಕ್ಕಿದ್ದ. ಸಂತೆಯಿಂದ ಬರುವಾಗೆಲ್ಲ ಪೊಟ್ಟಣ ತಂದುಕೊಟ್ಟವನೂ ಅವನೇ. ಈಗ ಮಗುವಿನ ದವಡೆ ಊದಿತ್ತು. ಕೀವು ಒಸಡಿನೊಳಗೆ, ಇನ್ನೂ ಹುಟ್ಟದ ಹಲ್ಲಿನ ಬುಡಕ್ಕೆ ಇಳಿದಿತ್ತು. ಮೂರು ದಿನದಿಂದ ಜ್ವರ, ಗಂಟಲಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಉಳಿಸಬಲ್ಲವನು ರಾಜವೈದ್ಯನೊಬ್ಬನೇ. ಅವನು ಅರಮನೆ ಬಿಟ್ಟು ಬಡವರ ಮನೆಗೆ ಬರುವವನಲ್ಲ.

"ಹೋಗಬ್ಯಾಡಿ, ತಲೆ ಹೋಗ್ತದೆ," ಎಂದಳು ಹೆಂಡತಿ.

"ಇವಳು ಹೋದ್ರೆ ಈ ತಲೆ ಇಟ್ಕೊಂಡು ಏನ್ ಮಾಡ್ಲಿ?" ಎಂದು ಮಾಳಿಂಗ ಹೊರಟ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ರಾಜಕುಮಾರಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದಳು: "ತಿನ್ನುವವರು ನಾವು, ಅಗಿದವರು ಬೇರೆ. ನುಂಗಿ ಎದ್ದರೂ ಊಟ ಮುಗಿಯುವುದಿಲ್ಲ. ಯಾವ ತುತ್ತು ಅದು?"

"ತಾಯಿಹಕ್ಕಿ ಮರಿಗೆ ಕೊಡುವ ಗುಟುಕು!" ಎಂದ ನೆರೆನಾಡಿನ ಯುವರಾಜ.

"ಮರಿಗೆ ನುಂಗಿದರೆ ಮುಗಿಯಿತಲ್ಲ," ಎಂದಳು. ಭಟರು ಅವನ ಕೈ ಕಟ್ಟಿದರು.

"ದನದ ಮೆಲುಕು!" ಎಂದ ದಂಡನಾಯಕನ ಮಗ.

"ಅಗಿದದ್ದೂ ತಿಂದದ್ದೂ ಒಂದೇ ದನ." ಅವನ ಕೈಯನ್ನೂ ಕಟ್ಟಿದರು.

ಮಾಳಿಂಗ ಮುಂದೆ ಬಂದಾಗ ಮಂತ್ರಿ ಮೂಗು ಮುಚ್ಚಿಕೊಂಡ. "ಸಗಣಿ ತೊಳ್ಕೊಂಡು ಬಂದೆಯೇನೋ?"

"ತೊಳ್ಕೊಂಡೇ ಬಂದಿದೀನಿ ಬುದ್ಧಿ. ತಾವು ಒಂದು ಅರಮನೆ ಪೊಟ್ಟಣ ತಿನ್ನಬೇಕು."

ಮಂತ್ರಿ ಠೀವಿಯಿಂದ ತಿಂದು ನುಂಗಿದ. ಮಾಳಿಂಗ ಹೋರಿಯ ತುಟಿ ಎತ್ತುವ ಹಾಗೆ ಹೆಬ್ಬೆರಳಿನಿಂದ ಅವನ ತುಟಿ ಎತ್ತಿಬಿಟ್ಟ. ಸಭೆ ಗೊಳ್ಳೆಂದಿತು.

"ನೋಡ್ರಪ್ಪ, ನುಂಗಿ ಆಯ್ತು, ಆದ್ರೂ ದವಡೆ ಹಲ್ಲಿನ ಗುಳೀಲಿ ಅಂಟಿನ ಥರ ಮೆತ್ಕೊಂಡಿದೆ. ಜೋಳದ ರೊಟ್ಟಿ ಆಗಿದ್ರೆ ಹಲ್ಲು ಅಗೀತಿತ್ತು, ಜೊಲ್ಲು ತೊಳೀತಿತ್ತು. ಇದನ್ನ ಗಿರಣಿಯೇ ಅಗಿದು ಇಟ್ಟಿದೆ. ಉತ್ತರ ಈ ಪೊಟ್ಟಣ."

"ಗಿರಣಿ ದೂರಿದ! ಗಡೀಪಾರು!" ದೊರೆ ಎದ್ದು ನಿಂತ.

"ದೂರಲಿಲ್ಲ ಅಪ್ಪಾಜಿ, ಒಗಟು ಬಿಡಿಸಿದ," ಎಂದಳು ಮಗಳು. ನೇರವಾಗಿ ಆಡಲಾಗದ ಮಾತನ್ನು ಆಡಿಸಲೆಂದೇ ಅವಳು ಒಗಟು ಕಟ್ಟಿದ್ದಳು. "ಎರಡನೆಯದು. ಕಣ್ಣಿಗೆ ಕಾಣದ ನೆಂಟರಿಗೆ ಸಿಹಿ ಬಡಿಸಿದರೆ ಹುಳಿ ಕಾರುತ್ತಾರೆ. ಆ ಹುಳಿಗೆ ಮನೆಯ ಬಿಳಿಗೋಡೆ ಕರಗುತ್ತದೆ. ಯಾವ ಮನೆ?"

"ಬಾಯಿ, ತಾಯಿ. ಆಲೆಮನೆ ಬೆಲ್ಲದ ಮಡ್ಡಿ ತಿಂದ ಎತ್ತಿನ ಬಾಯಿ ಹುಳಿ ನಾರುತ್ತೆ. ನನ್ನ ಮಗಳ ಬಾಯಿಗೂ ಅದೇ ನಾತ. ಬಾಯೊಳಗಿನ ಸಣ್ಣ ಹುಳ ಸಕ್ಕರೆ ತಿಂದು ಹುಳಿ ಬಿಡ್ತವೆ, ಹಲ್ಲು ಕರಗುತ್ತೆ. ಹೊತ್ತಿಗೊಂದು ಸಲ ತಿಂದ್ರೆ ಜೊಲ್ಲು ತೊಳೆದು ಸುಧಾರಿಸುತ್ತೆ. ದಿನವೆಲ್ಲಾ ಪೊಟ್ಟಣ ಮೆಲ್ತಿದ್ರೆ ಜೊಲ್ಲಿಗೆ ಬಿಡುವೆಲ್ಲಿ?"

"ಸರಿ. ಮೂರನೆಯದು. ಕಂಬಕ್ಕೆ ಹುಳುಕು ಹಿಡಿದಿಲ್ಲ, ಸುಣ್ಣದಂತೆ ಬೆಳ್ಳಗಿದೆ. ಆದರೂ ಅಲುಗುತ್ತದೆ. ಬೀಳುವ ಮೊದಲು ನೆಲ ಕೆಂಪು ಕಣ್ಣೀರಿಡುತ್ತದೆ. ಯಾಕೆ ಬಿತ್ತು?"

ಮಾಳಿಂಗ ತಡವರಿಸಿದ. ಕಪ್ಪು ಹಲ್ಲು ಅವನು ಕಂಡಿದ್ದ. ಬಿಳಿ ಹಲ್ಲು ಬೀಳುವುದು ಮುದಿ ಎತ್ತಿಗೆ ಮಾತ್ರ.

"ಹಣೆಬರಹ ಅನ್ನು, ಬದುಕ್ಕೋತೀಯ," ಎಂದು ರಾಜವೈದ್ಯ ದೊರೆಯ ಮುಖ ನೋಡುತ್ತಾ ಪಿಸುಗುಟ್ಟಿದ.

ಮಾಳಿಂಗ ತಲೆ ಎತ್ತಿದ. ರಾಜಕುಮಾರಿಯ ಸೆರಗಿನಲ್ಲಿ, ತುಟಿ ತಾಗಿದ ಕಡೆ, ಹಸಿ ರಕ್ತದ ಕಲೆ.

"ಕಂಬ ಹಲ್ಲು, ನೆಲ ಒಸಡು," ಎಂದ. "ಮೆತ್ತಿದ್ದು ಬುಡದಲ್ಲೇ ಕೊಳೀತು. ಸೊಪ್ಪು ಹಣ್ಣು ಹೊಟ್ಟೆಗೆ ಬೀಳದೆ ಒಸಡಿಗೆ ಕಸುವಿಲ್ಲ. ನೆಲವೇ ಕುಸಿದಾಗ ಕಂಬ ಎಷ್ಟು ಗಟ್ಟಿಯಾದ್ರೇನು?"

ರಾಜಕುಮಾರಿ ಸೆರಗು ಇಳಿಸಿದಳು. ಪೊಟ್ಟಣದ ಮೇಲೆ ನಗುತ್ತಿದ್ದ ಆ ಬಾಯಲ್ಲಿ ಈಗ ಮೂರು ಹಲ್ಲಿರಲಿಲ್ಲ.

"ಮೂರು ವರ್ಷದವಳಿದ್ದಾಗಿನಿಂದ ಜನರೆದುರು ನನಗಿದನ್ನು ತಿನ್ನಿಸಿದರು, ಮಾರಾಟವಾಗಲಿ ಎಂದು," ಎಂದಳು. "ಅಪ್ಪಾಜಿಗೆ ಅರವತ್ತು ವರ್ಷ, ಮೂವತ್ತೆರಡು ಹಲ್ಲು. ಅವರ ತಟ್ಟೆಗೆ ರಾಗಿಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಈ ಪೊಟ್ಟಣವನ್ನು ಅವರು ಒಂದು ದಿನವೂ ಬಾಯಿಗಿಟ್ಟಿಲ್ಲ."

ಸಭೆಯ ಹೆಂಗಸರೆಲ್ಲ ಎದ್ದು ನಿಂತರು. ದೊರೆ ಬೆವರಿದ. "ಅರ್ಧ ರಾಜ್ಯ ತಗೊಳಪ್ಪ. ಗಿರಣಿ ಮಾತು ಬಿಡು."

"ನಿಮ್ಮ ರಾಜ್ಯ ಯಾರಿಗೆ ಬೇಕು? ವೈದ್ಯರು ಈಗಲೇ ನನ್ನ ಮನೆಗೆ, ಆಮೇಲೆ ಊರೂರಿಗೆ ಬರಬೇಕು. ಆ ಇಬ್ಬರ ಕಟ್ಟು ಬಿಚ್ಚಬೇಕು. ಗಿರಣಿ ಇವತ್ತೇ ನಿಲ್ಲಬೇಕು."

ತುಂಬಿದ ಸಭೆಯಲ್ಲಿ ಕೇಳಿದ್ದನ್ನು ಕೊಡುವೆನೆಂದು ಡಂಗುರ ಹೊಡೆಸಿದ ಮಾತು, ದೊರೆ ಮೀರುವಂತಿರಲಿಲ್ಲ. ಗಿರಣಿ ನಿಂತಿತು. ಹೊನ್ನಿ ಬದುಕಿದಳು. ಮಾಳಿಂಗನಿಗೆ ಅರಮನೆಯ ದನದ ಹಟ್ಟಿಯ ಯಜಮಾನಿಕೆ ಸಿಕ್ಕಿತು. ಆದರೆ ಹೊನ್ನಿಯ ಬಾಯಿಂದ ಕಿತ್ತ ಎರಡು ಹಲ್ಲಿನಲ್ಲಿ ಒಂದರ ಜಾಗಕ್ಕೆ ಹೊಸದು ಹುಟ್ಟಲೇ ಇಲ್ಲ. ಯಾವ ದೊರೆಯೂ ಅದನ್ನು ಕೊಡಿಸಲಾರ.

ರಣಧವಳನದು ಒಂದೇ ಗಿರಣಿ. ನಮ್ಮ ಮಕ್ಕಳ ಶಾಲೆಯ ಎದುರಿನ ಅಂಗಡಿಗಳಲ್ಲಿ ಸರ ಸರವಾಗಿ ತೂಗುವ ಪೊಟ್ಟಣಗಳ ಹಿಂದೆ ಎಷ್ಟು ಗಿರಣಿಗಳಿವೆಯೋ! ನೀವು ಡಂಗುರಕ್ಕೆ ಕಾಯಬೇಡಿ. ನಾಳೆ ಬೆಳಿಗ್ಗೆ ನಾಲ್ಕು ಜನ ತಂದೆತಾಯಿಯರು ಸೇರಿ ಆ ಅಂಗಡಿಗೆ ಹೋಗಿ, "ಇಳಿಸು," ಅನ್ನಿ. ಇಳಿಸುವವರೆಗೆ ಅಲ್ಲಿಂದ ಕದಲಬೇಡಿ.